ಗಾಯಾಳು ತಾರೆಗೆ ಎಷ್ಟು ಬೆಲೆ?

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನೆಲೆಸಿದ್ದೇನೆ. ಪಕ್ಕದ ಸಾಂಟಾ ಕ್ಲಾರಾದಲ್ಲೇ ಆಡುವ ಫಾರ್ಟಿನೈನರ್ಸ್ ತಂಡದಿಂದಾಗಿ ನನಗೆ ಅಮೆರಿಕನ್ ಫುಟ್‌ಬಾಲ್‌ನ ರುಚಿ ಹತ್ತಿತು. ಎರಡು ವರ್ಷ ಬಹುತೇಕ ಗಾಯದಲ್ಲೇ ಕಳೆದಿದ್ದ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿಯವರನ್ನು 2022ರಲ್ಲಿ ನಮ್ಮ ತಂಡ ಟ್ರೇಡ್ (ತಂಡಗಳ ನಡುವಿನ ವಿನಿಮಯ) ಮೂಲಕ ತಂದಾಗ ಇದು ಹುಚ್ಚುತನ ಎಂದುಕೊಂಡೆ. ನನ್ನ ಎಣಿಕೆ ತಪ್ಪಾಯಿತು. ಮರುವರ್ಷ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಜೊನಾಥನ್ ಟೇಲರ್ ಪಾದದ ಕೀಲಿನ ಗಾಯದ ನಡುವೆಯೇ ಬೇರೆ ತಂಡಕ್ಕೆ ಹೋಗಬೇಕೆಂದಾಗ ಯಾರಾದರೂ ಮುಗಿಬಿದ್ದು ಕೊಳ್ಳುತ್ತಾರೆ ಎಂದುಕೊಂಡೆ, ಅದೂ ತಪ್ಪಾಯಿತು. ಗಾಯಗೊಂಡ ತಾರಾ ರನ್ನಿಂಗ್ ಬ್ಯಾಕ್‌ಗಾಗಿ (ಚೆಂಡು ಹಿಡಿದು ಓಡುವ ಆಟಗಾರನಿಗಾಗಿ) ತಂಡವೊಂದು ಟ್ರೇಡ್ ಮಾಡಬೇಕೇ, ಬೇಡವೇ? ಈ ಲೆಕ್ಕವನ್ನು ಹಾಕುವುದು ಹೇಗೆ?

ಉತ್ತರ: ನೀವು ಕೇಳಿದ ಮಾತಿಗೆ ನೇರವಾಗಿ ಉತ್ತರಿಸುವುದಾದರೆ, ಬಹುಪಾಲು ಸಂದರ್ಭಗಳಲ್ಲಿ ಬೇಡ. ಆದರೆ ನೀವು ಕೊಟ್ಟಿರುವ ಎರಡು ಉದಾಹರಣೆಗಳು ಮೇಲ್ನೋಟಕ್ಕೆ ಒಂದೇ ಜಾತಿಯವೆಂದು ಕಂಡರೂ ಒಳಗೆ ಬೇರೆ ಬೇರೆ. ಅವುಗಳ ವ್ಯತ್ಯಾಸವನ್ನು ಬಿಡಿಸಿ ನೋಡಿದರೆ ನಿಮ್ಮ ಎರಡೂ ಊಹೆಗಳು ಏಕೆ ತಪ್ಪಿದವು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಒಂದು ತಿದ್ದುಪಡಿ. 2022ರ ಅಕ್ಟೋಬರ್ 20ರಂದು ಟ್ರೇಡ್ ನಡೆದಾಗ ಮೆಕ್‌ಕ್ಯಾಫ್ರಿ ಗಾಯಗೊಂಡಿರಲಿಲ್ಲ. ಆ ಋತುವಿನಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್ ಆಡಿದ್ದ ಆರೂ ಪಂದ್ಯಗಳಲ್ಲಿ ಅವರು ಆಡಿದ್ದರು. ಅವರ ಬೆನ್ನಿಗಿದ್ದದ್ದು ಗಾಯದ ಇತಿಹಾಸ: 2020ರಲ್ಲಿ 16 ಪಂದ್ಯಗಳ ಪೈಕಿ 3, 2021ರಲ್ಲಿ 17ರ ಪೈಕಿ 7, ಅಂದರೆ 33 ಪಂದ್ಯಗಳಲ್ಲಿ ಕೇವಲ 10. ಟೇಲರ್ ಅವರ ಸಂಗತಿ ಹಾಗಲ್ಲ. 2023ರ ಜನವರಿಯಲ್ಲಿ ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಅವರು ಆಗಸ್ಟ್ ಬಂದರೂ ಅಭ್ಯಾಸಕ್ಕೆ ಇಳಿದಿರಲಿಲ್ಲ, ತಂಡದ ದಾಖಲೆಯಲ್ಲಿ ‘ಆಡಲು ದೈಹಿಕವಾಗಿ ಅಸಮರ್ಥ’ ಎಂಬ ಪಟ್ಟಿಯಲ್ಲೇ ಇದ್ದರು. ಗಾಯಗೊಂಡಿದ್ದವನನ್ನು ಕೊಳ್ಳುವುದು ಬೇರೆ, ಗಾಯಗೊಂಡಿರುವವನನ್ನು ಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಕೊಳ್ಳುವವನಿಗೆ ಆರು ಪಂದ್ಯಗಳ ವಿಡಿಯೊ ಸಾಕ್ಷಿಯಿರುತ್ತದೆ, ಎರಡನೆಯದರಲ್ಲಿ ವೈದ್ಯರ ವರದಿಯನ್ನೂ ಆಟಗಾರನ ಮಾತನ್ನೂ ನಂಬಬೇಕಾಗುತ್ತದೆ.

ಹಾಗಿದ್ದರೆ ಆ ದಿನ ಆಡುತ್ತಿರುವವನೆಂದರೆ ಸಾಕೇ ಎಂದು ನೀವು ಕೇಳಬಹುದು. ಸಾಲದು. ಇದಕ್ಕೆ ಅದೇ ವಾರದಲ್ಲಿ ನಡೆದ, ಬಹಳ ಮಂದಿ ಮರೆತಿರುವ ಇನ್ನೊಂದು ಟ್ರೇಡ್ ಸಾಕ್ಷಿ. ಅಕ್ಟೋಬರ್ 23ರಂದು ನ್ಯೂಯಾರ್ಕ್ ಜೆಟ್ಸ್‌ನ ಹೊಸ ತಾರೆ ಬ್ರೀಸ್ ಹಾಲ್ ಡೆನ್ವರ್‌ನಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡರು. ಮರುದಿನವೇ ಜೆಟ್ಸ್ ತಂಡ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್‌ನಿಂದ ಜೇಮ್ಸ್ ರಾಬಿನ್‌ಸನ್‌ರನ್ನು ತರಿಸಿಕೊಂಡಿತು. ರಾಬಿನ್‌ಸನ್ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆಯಲ್ಲಿ, ಯಾರೂ ಆರಿಸದೆ ಬಿಟ್ಟ ಹುಡುಗ. 2020ರಲ್ಲಿ ಮೊದಲ ವರ್ಷವೇ 1,070 ಯಾರ್ಡ್ ಓಡಿ ಎಲ್ಲರನ್ನೂ ಬೆರಗುಗೊಳಿಸಿದ್ದವರು. 2021ರ ಡಿಸೆಂಬರ್‌ನಲ್ಲಿ ಅವರ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು, ವಿಪರ್ಯಾಸವೆಂದರೆ ಇದೇ ಜೆಟ್ಸ್ ವಿರುದ್ಧದ ಪಂದ್ಯದಲ್ಲಿ. ಒಂಬತ್ತು ತಿಂಗಳೊಳಗೆ ಮೈದಾನಕ್ಕೆ ಮರಳಿದ್ದ ಅವರು ಟ್ರೇಡ್ ನಡೆದಾಗ ಆಡುತ್ತಲೇ ಇದ್ದರು. ಆದರೆ ಜೆಟ್ಸ್ ಪರವಾಗಿ ಕೆಲವೇ ಪಂದ್ಯಗಳಲ್ಲಿ ಚೆಂಡು ಹಿಡಿದರು, ಉಳಿದ ಪಂದ್ಯಗಳಲ್ಲಿ ಅವರನ್ನು ಆಡುವ ಪಟ್ಟಿಯಿಂದಲೇ ಹೊರಗಿಡಲಾಯಿತು. ಋತು ಮುಗಿದ ಮೇಲೆ ತಂಡ ಅವರನ್ನು ಉಳಿಸಿಕೊಳ್ಳಲಿಲ್ಲ.

ನಾಲ್ಕು ದಿನಗಳ ಅಂತರದಲ್ಲಿ ಗಾಯದ ಇತಿಹಾಸವಿದ್ದ ಇಬ್ಬರು ರನ್ನಿಂಗ್ ಬ್ಯಾಕ್‌ಗಳು ತಂಡ ಬದಲಿಸಿದರು. ಒಬ್ಬರು ಆ ತಂಡದ ಆಟವನ್ನೇ ಬದಲಿಸಿದರು, ಇನ್ನೊಬ್ಬರು ಹೆಚ್ಚುಕಡಿಮೆ ಮರೆಯಾದರು. ಕಾರಣ ಗಾಯದ ಸಂಖ್ಯೆಯಲ್ಲಿಲ್ಲ, ಬಗೆಯಲ್ಲಿದೆ. ಮೆಕ್‌ಕ್ಯಾಫ್ರಿಯವರ ಪಟ್ಟಿ ಉದ್ದವಾಗಿತ್ತು: 2020ರಲ್ಲಿ ಪಾದದ ಕೀಲಿನ ಮೇಲ್ಭಾಗದ ಉಳುಕು, ಆಮೇಲೆ ಭುಜ, ಆಮೇಲೆ ತೊಡೆ, 2021ರಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು, ಆಮೇಲೆ ಮತ್ತೆ ಪಾದದ ಕೀಲು. ಎರಡು ವರ್ಷ ಅವರನ್ನು ನೋಡಿದವರಿಗೆ ಮೈಯೆಲ್ಲಾ ಸಡಿಲವಾಗಿದೆಯೇನೋ ಎನ್ನಿಸುವಂತಿತ್ತು. ಆದರೆ ಇವುಗಳಲ್ಲಿ ಯಾವುದೂ ಓಟದ ಮೂಲವನ್ನೇ ಕಿತ್ತುಹಾಕುವ ಗಾಯವಾಗಿರಲಿಲ್ಲ. ಬೇರೆ ಬೇರೆ ಜಾಗಗಳಲ್ಲಾದ, ಕಾಲ ಕೊಟ್ಟರೆ ಕೂಡಿಕೊಳ್ಳುವ ಗಾಯಗಳಾಗಿದ್ದವು. ಅಕಿಲಿಸ್ ಹಾಗಲ್ಲ. ನಿಂತಲ್ಲಿಂದ ಛಂಗನೆ ನೆಗೆಯುವ ಬಲ ರನ್ನಿಂಗ್ ಬ್ಯಾಕ್‌ನ ಬಂಡವಾಳ. ಆ ಬಲ ನೆಲಕ್ಕೆ ದಾಟುವುದು ಆ ಒಂದು ರಜ್ಜುವಿನ ಮೂಲಕ. ಹೊಲಿದು ಕೂಡಿಸಿದ ಮೇಲೆ ಅದು ನಡೆಯುತ್ತದೆ, ಓಡುತ್ತದೆ, ಆದರೆ ಮೊದಲ ಎರಡು ಹೆಜ್ಜೆಯ ಸಿಡಿತ ಎಲ್ಲರಿಗೂ ಮರಳುವುದಿಲ್ಲ, ಮರಳಿದರೂ ತಡವಾಗಿ ಮರಳುತ್ತದೆ. ಇನ್ನೊಬ್ಬ ರನ್ನಿಂಗ್ ಬ್ಯಾಕ್ ಕ್ಯಾಮ್ ಏಕರ್ಸ್ 2021ರ ಜುಲೈನಲ್ಲಿ ಅಕಿಲಿಸ್ ಹರಿದುಕೊಂಡು, ಆರು ತಿಂಗಳಲ್ಲೇ ರ‍್ಯಾಮ್ಸ್ ಪರವಾಗಿ ಮರಳಿ ಅಚ್ಚರಿ ಮೂಡಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಮಿನ್ನೆಸೋಟ ವೈಕಿಂಗ್ಸ್ ಅವರನ್ನು ಡ್ರಾಫ್ಟ್‌ನ ತೀರಾ ಕೊನೆಯ ಸುತ್ತುಗಳ ಪಿಕ್‌ಗಳ (ಆಯ್ಕೆಯ ಹಕ್ಕುಗಳ) ಅದಲುಬದಲಿಗೆ ತಂದಿತು. ನವೆಂಬರ್‌ನಲ್ಲಿ ಅವರ ಇನ್ನೊಂದು ಕಾಲಿನ ಅಕಿಲಿಸ್ ಹರಿಯಿತು. ವೈಕಿಂಗ್ಸ್ ಕಳೆದುಕೊಂಡದ್ದು ಹೆಚ್ಚೇನೂ ಇಲ್ಲ, ಕೊಟ್ಟದ್ದೇ ಅಷ್ಟು ಕಡಿಮೆ.

ಮೊಣಕಾಲಿನ ಗಾಯ ಈ ಎರಡರ ನಡುವಿನದು, ಇಲ್ಲಿ ನಿಯಮ ಹೇಳುವುದು ಕಷ್ಟ. ಏಡ್ರಿಯನ್ ಪೀಟರ್‌ಸನ್ 2011ರ ಕ್ರಿಸ್‌ಮಸ್ ಹಿಂದಿನ ದಿನ ಎಸಿಎಲ್ ಮತ್ತು ಎಂಸಿಎಲ್ ಎರಡನ್ನೂ ಹರಿದುಕೊಂಡು, 2012ರಲ್ಲಿ 2,097 ಯಾರ್ಡ್ ಓಡಿ ಲೀಗಿನ ಅತ್ಯಮೂಲ್ಯ ಆಟಗಾರರಾದರು. ಅದೇ ಗಾಯ ಡೆನ್ವರ್‌ನ ಟೆರೆಲ್ ಡೇವಿಸ್ ಅವರನ್ನು, 1998ರಲ್ಲಿ 2,008 ಯಾರ್ಡ್ ಓಡಿದ್ದ ಮಹಾ ಓಟಗಾರನನ್ನು, ಮರುವರ್ಷವೇ ಕೆಡವಿತು. ಅವರು ಮತ್ತೆ ಮೊದಲಿನಂತಾಗಲೇ ಇಲ್ಲ. ಪೀಟರ್‌ಸನ್‌ರ ಕತೆಯನ್ನು ಹೇಳಿ ಟ್ರೇಡನ್ನು ಸಮರ್ಥಿಸುವವರನ್ನು ಕಂಡರೆ ನನಗೆ ಅನುಮಾನ. ಕೋಟಿಗೊಬ್ಬರ ದೇಹವನ್ನು ಅಳತೆಗೋಲಾಗಿ ಇಟ್ಟುಕೊಂಡು ಬೇರೆಯವರಿಗೆ ಬೆಲೆ ಕಟ್ಟುವುದು ಲೆಕ್ಕವಲ್ಲ, ಹರಕೆ.

ಇನ್ನು ಬೆಲೆಯ ಮಾತು. ಐಪಿಎಲ್ ನೋಡುವ ನಮ್ಮವರಿಗೆ ಟ್ರೇಡ್ ಎಂದರೆ 2023ರ ನವೆಂಬರ್‌ನಲ್ಲಿ ಕ್ಯಾಮರೂನ್ ಗ್ರೀನ್ ಮುಂಬೈನಿಂದ ಬೆಂಗಳೂರಿಗೆ ಬಂದಂತೆ, ಹಣ ಕೊಟ್ಟು ಆಟಗಾರನನ್ನು ತರುವ ವ್ಯವಹಾರ. ಅಮೆರಿಕನ್ ಫುಟ್‌ಬಾಲ್‌ನ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಇಲ್ಲಿ ತಂಡಗಳು ಮುಖ್ಯವಾಗಿ ಕೊಡುವುದು ಮುಂಬರುವ ಡ್ರಾಫ್ಟ್‌ನ ಪಿಕ್‌ಗಳನ್ನು, ಅಂದರೆ ಕಾಲೇಜಿನಿಂದ ಬರುವ ಹುಡುಗರಲ್ಲಿ ತಮಗೆ ಬೇಕಾದವರನ್ನು ಸರದಿಯಂತೆ ಆರಿಸುವ ಹಕ್ಕನ್ನು. ಹಾಗೆ ಆರಿಸಿದ ಹುಡುಗ ನಾಲ್ಕು ವರ್ಷ ಕಡಿಮೆ ಸಂಬಳಕ್ಕೆ ದುಡಿಯುತ್ತಾನೆ. ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿಯಿರುವಾಗ (2022ರಲ್ಲಿ ಅದು 20.82 ಕೋಟಿ ಡಾಲರ್) ಪಿಕ್ ಎಂದರೆ ಅಗ್ಗದ ನಾಲ್ಕು ವರ್ಷಗಳ ಗಂಟು ಎಂದೇ ಅರ್ಥ. 1990ರ ದಶಕದ ಆರಂಭದಲ್ಲಿ ಡಾಲಸ್ ಕೌಬಾಯ್ಸ್‌ನ ಜಿಮ್ಮಿ ಜಾನ್ಸನ್ ಬಳಕೆಗೆ ತಂದ ಕೋಷ್ಟಕವೊಂದಿದೆ. ಅದರಲ್ಲಿ ಮೊದಲ ಪಿಕ್‌ಗೆ 3,000 ಅಂಕ, ಮೊದಲ ಸುತ್ತಿನ ಕೊನೆಯ, ಅಂದರೆ 32ನೇ ಪಿಕ್‌ಗೆ 590, 64ನೇ ಪಿಕ್‌ಗೆ 270. ಕೋಷ್ಟಕ ಹಳೆಯದಾಯಿತೆಂದು ಇಂದಿನ ವಿಶ್ಲೇಷಕರು ಹೇಳುತ್ತಾರೆ, ಸರಿಯೇ. ಆದರೆ ಮೊದಲ ಸುತ್ತು ದಾಟಿದರೆ ಬೆಲೆ ಹೇಗೆ ಇಳಿಯುತ್ತದೆ ಎಂಬುದನ್ನು ತೋರಿಸಲು ಅದು ಈಗಲೂ ಸಾಕು.

ಆ ಜಾನ್ಸನ್‌ರೇ 1989ರ ಅಕ್ಟೋಬರ್‌ನಲ್ಲಿ ಹರ್ಷಲ್ ವಾಕರ್ ಎಂಬ ರನ್ನಿಂಗ್ ಬ್ಯಾಕ್‌ನನ್ನು ಮಿನ್ನೆಸೋಟಕ್ಕೆ ಕೊಟ್ಟು, ಬದಲಿಗೆ ಐವರು ಆಟಗಾರರನ್ನೂ ರಾಶಿ ಪಿಕ್‌ಗಳನ್ನೂ ಪಡೆದರು. ಆ ಪಿಕ್‌ಗಳನ್ನು ತಿರುವಿಹಾಕಿ ಎಮಿಟ್ ಸ್ಮಿತ್‌ರಂಥವರನ್ನು ಗಳಿಸಿದ ಡಾಲಸ್ 1990ರ ದಶಕದಲ್ಲಿ ಮೂರು ಸೂಪರ್ ಬೌಲ್ (ಲೀಗಿನ ಅಂತಿಮ ಪಂದ್ಯ) ಗೆದ್ದಿತು. ವಾಕರ್ ಗಾಯಗೊಂಡಿರಲಿಲ್ಲ ಎಂಬುದನ್ನು ಗಮನಿಸಿ. ನೆಟ್ಟಗಿದ್ದ ಓಟಗಾರನಿಗೆ ಅತಿಯಾಗಿ ತೆತ್ತೇ ಮಿನ್ನೆಸೋಟ ಕೆಟ್ಟಿತು. ಬ್ರೌನ್ಸ್‌ನ ಟ್ರೆಂಟ್ ರಿಚರ್ಡ್‌ಸನ್‌ಗಾಗಿ 2013ರಲ್ಲಿ ಕೋಲ್ಟ್ಸ್ ಮೊದಲ ಸುತ್ತಿನ ಪಿಕ್ ಕೊಟ್ಟು ಕೈಸುಟ್ಟುಕೊಂಡದ್ದೂ ಇದೇ ಸಾಲಿಗೆ ಸೇರುತ್ತದೆ. ಆದ್ದರಿಂದ ಗಾಯ ಎಂಬುದು ಈ ಲೆಕ್ಕಕ್ಕೆ ಸೇರುವ ಎರಡನೆಯ ಅಂಶ. ಮೊದಲನೆಯದು ರನ್ನಿಂಗ್ ಬ್ಯಾಕ್ ಎಂಬ ಜಾಗದ ಸ್ವಭಾವ. ಪ್ರತಿ ವಾರ ಇಪ್ಪತ್ತು, ಇಪ್ಪತ್ತೈದು ಬಾರಿ ತನಗಿಂತ ಭಾರದ ದೇಹಗಳಿಗೆ ಡಿಕ್ಕಿ ಹೊಡೆಯುವವನು ಬೇಗ ಸವೆಯುತ್ತಾನೆ, ಅವನ ಓಟದ ಅರ್ಧ ಪಾಲು ಮುಂದೆ ನಿಂತು ದಾರಿ ಬಿಡಿಸುವ ಐವರ ಕೊಡುಗೆಯಾಗಿರುತ್ತದೆ, ಮತ್ತು ಅವನ ಬದಲಿಗೆ ನಿಲ್ಲಬಲ್ಲ ಹುಡುಗ ಡ್ರಾಫ್ಟ್‌ನ ಕೊನೆಯ ಸುತ್ತುಗಳಲ್ಲಿ, ಕೆಲವೊಮ್ಮೆ ಡ್ರಾಫ್ಟ್‌ನ ಹೊರಗೂ ಸಿಗುತ್ತಾನೆ. ಟೆರೆಲ್ ಡೇವಿಸ್‌ರೇ ಆರನೇ ಸುತ್ತಿನವರು.

ಈ ಹಿನ್ನೆಲೆಯಲ್ಲಿ ಫಾರ್ಟಿನೈನರ್ಸ್ ಕೊಟ್ಟ ಬೆಲೆಯನ್ನು ನೋಡಿ: 2023ರ ಎರಡನೇ, ಮೂರನೇ ಮತ್ತು ನಾಲ್ಕನೇ ಸುತ್ತಿನ ಪಿಕ್‌ಗಳು, ಜೊತೆಗೆ 2024ರ ಐದನೇ ಸುತ್ತಿನದು. ಮೊದಲ ಸುತ್ತಿನದು ಇಲ್ಲ, ಅದು ಅವರ ಬಳಿ ಇರಲೂ ಇಲ್ಲ. 2021ರಲ್ಲಿ ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ (ಪಾಸ್ ಎಸೆದು ಆಟ ನಡೆಸುವವನಿಗಾಗಿ) ಅದನ್ನು ಮಯಾಮಿಗೆ ಬಿಟ್ಟುಕೊಟ್ಟಾಗಿತ್ತು. ತಂಡ ಚೆನ್ನಾಗಿ ಆಡಿದರೆ ಎರಡನೇ ಸುತ್ತಿನ ಪಿಕ್ ಸುತ್ತಿನ ಕೊನೆಗೆ ಜಾರುತ್ತದೆ ಎಂಬ ಲೆಕ್ಕವೂ ಇತ್ತು. ಕೊನೆಗೆ ಅದು 61ನೆಯದಾಯಿತು. ಮೊದಲೇ ಹೇಳಿದ ರಾಬಿನ್‌ಸನ್‌ಗೆ ಜೆಟ್ಸ್ ಕೊಟ್ಟದ್ದು ಆರನೇ ಸುತ್ತಿನ, ನಿಗದಿತ ಯಾರ್ಡ್ ದಾಟಿದರೆ ಮಾತ್ರ ಐದಕ್ಕೇರುವ ಷರತ್ತಿನ ಪಿಕ್. ಮಾರುಕಟ್ಟೆ ಎರಡು ಗಾಯಗಳ ನಡುವಿನ ಅಂತರವನ್ನು ಚೆನ್ನಾಗಿಯೇ ತೂಗಿತ್ತು.

ಆದರೆ ಪಿಕ್‌ಗಳು ಈ ವ್ಯವಹಾರದ ಅರ್ಧ ಮಾತ್ರ. ನೀವು ನೋಡದೆ ಬಿಟ್ಟಿರುವ, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಸಂಬಳದ್ದು. 2020ರ ಏಪ್ರಿಲ್‌ನಲ್ಲಿ ಪ್ಯಾಂಥರ್ಸ್ ಮೆಕ್‌ಕ್ಯಾಫ್ರಿಯವರಿಗೆ ನಾಲ್ಕು ವರ್ಷಗಳಿಗೆ 6.4 ಕೋಟಿ ಡಾಲರಿನ ಒಪ್ಪಂದ ಕೊಟ್ಟಿತ್ತು. ಅದಕ್ಕೆ ಹಿಂದಿನ ವರ್ಷ ಅವರು 1,387 ಯಾರ್ಡ್ ಓಡಿ, 116 ಪಾಸ್ ಹಿಡಿದು, ಅದರಿಂದ 1,005 ಯಾರ್ಡ್ ಗಳಿಸಿದ್ದರು. ಒಂದೇ ಋತುವಿನಲ್ಲಿ ಎರಡನ್ನೂ ಸಾವಿರ ದಾಟಿಸಿದವರು ಅದಕ್ಕೆ ಮುಂಚೆ ರಾಜರ್ ಕ್ರೇಗ್ ಮತ್ತು ಮಾರ್ಷಲ್ ಫಾಕ್ ಇಬ್ಬರೇ. ಓಟ, ಪಾಸ್ ಎರಡೂ ಸೇರಿ 403 ಬಾರಿ ಚೆಂಡು ಹೊತ್ತ ಆ ವರ್ಷದ ದುಡಿಮೆಗೆ ಪ್ಯಾಂಥರ್ಸ್ ಮುಂದಿನ ವರ್ಷಗಳ ಹಣ ಕೊಟ್ಟಿತು, ಮುಂದಿನ ಎರಡು ವರ್ಷ ಅವರು ಹೆಚ್ಚಾಗಿ ಹೊರಗೇ ಕುಳಿತರು. 2022ರ ಆರಂಭದಲ್ಲಿ ಸಂಬಳದ ಮಿತಿಯೊಳಗೆ ಜಾಗ ಮಾಡಿಕೊಳ್ಳಲು ಆ ವರ್ಷದ ಸಂಬಳದ ಬಹುಪಾಲನ್ನು ಬೋನಸ್ಸಾಗಿ ಬದಲಿಸಿ ಮುಂಚಿತವಾಗಿಯೇ ಪಾವತಿ ಮಾಡಿತು. ಉಳಿದದ್ದು 10.35 ಲಕ್ಷ ಡಾಲರಿನ ಮೂಲ ಸಂಬಳ. ಸಂಬಳ 18 ವಾರಗಳಲ್ಲಿ ಹಂಚಿಕೆಯಾಗುವುದರಿಂದ ಉಳಿದ 12 ವಾರಗಳಿಗೆ ಫಾರ್ಟಿನೈನರ್ಸ್ ಕೊಡಬೇಕಾದದ್ದು ಸುಮಾರು 6.9 ಲಕ್ಷ ಡಾಲರ್. ಲೀಗಿನ ಅತಿ ಬೆಲೆಬಾಳುವ ರನ್ನಿಂಗ್ ಬ್ಯಾಕ್ ಆ ವರ್ಷದ ಮಟ್ಟಿಗೆ ಕನಿಷ್ಠ ಸಂಬಳದ ಹುಡುಗನ ದರಕ್ಕೆ ಸಿಕ್ಕಿದರು. ಮುಂದಿನ ವರ್ಷಗಳ ಸಂಬಳ ವರ್ಷಕ್ಕೆ ಸುಮಾರು 1.2 ಕೋಟಿ ಡಾಲರ್ ಇತ್ತು, ನಿಜ. ಆದರೆ ಅದು ಕೊಡಲೇಬೇಕೆಂಬ ಖಾತರಿಯ ಹಣವಲ್ಲ. ಗಾಯ ಮರುಕಳಿಸಿದ್ದರೆ 2023ರ ಮಾರ್ಚ್‌ನಲ್ಲಿ ಕೈಮುಗಿದು ಕಳುಹಿಸಬಹುದಿತ್ತು.

ಎನ್‌ಎಫ್‌ಎಲ್‌ನಲ್ಲಿ ಬೋನಸ್ ಹಣದ ಲೆಕ್ಕ ಕೊಟ್ಟ ತಂಡದ ತಲೆಗೇ ಅಂಟಿಕೊಂಡಿರುತ್ತದೆ, ಆಟಗಾರನ ಜೊತೆ ಹೋಗುವುದಿಲ್ಲ. ಹಾಗಾಗಿ 2023ರಲ್ಲಿ, ತಮ್ಮ ಪರವಾಗಿ ಒಂದು ಹೆಜ್ಜೆಯೂ ಓಡದ ಮೆಕ್‌ಕ್ಯಾಫ್ರಿಯವರ ಹೆಸರಿನಲ್ಲಿ ಪ್ಯಾಂಥರ್ಸ್‌ನ ಮಿತಿಯೊಳಗೆ 1.8 ಕೋಟಿ ಡಾಲರಿಗೂ ಹೆಚ್ಚು ಹಣ ಸತ್ತು ಕುಳಿತಿತ್ತು. ಗಾಯದ ಅಪಾಯವನ್ನು ಯಾರೋ ಒಬ್ಬರು ಹೊರಲೇಬೇಕು. ಇಲ್ಲಿ ಅದನ್ನು ಮಾರಿದವರು ಮೊದಲೇ ಹೊತ್ತಾಗಿತ್ತು, ಕೊಂಡವರಿಗೆ ಬಂದದ್ದು ಚಿಲ್ಲರೆ ಪಾಲು. ಅಪಾಯ ಯಾರ ಪುಸ್ತಕದಲ್ಲಿ ಬರೆದಿದೆ ಎಂದು ಮೊದಲು ನೋಡಿ, ಆಮೇಲೆ ಎಕ್ಸ್‌ರೇ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಈಗ ಟೇಲರ್ ಅವರ ಕಡೆಗೆ ಬರೋಣ. 2021ರಲ್ಲಿ 1,811 ಯಾರ್ಡ್, 18 ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಗಡಿ ದಾಟಿ ಅಂಕ ಗಳಿಸುವುದು) ಓಡಿ ಲೀಗಿಗೇ ಮೊದಲಿಗರಾಗಿದ್ದ ಅವರು 2022ರಲ್ಲಿ 11 ಪಂದ್ಯಗಳಲ್ಲಿ 861 ಯಾರ್ಡ್‌ಗೆ ಇಳಿದಿದ್ದರು. ವಯಸ್ಸು 24 ಮಾತ್ರ. ಅವರ ಮೊದಲ ಒಪ್ಪಂದದ ಕೊನೆಯ ವರ್ಷ ನಡೆಯುತ್ತಿತ್ತು, ಹೊಸ ಒಪ್ಪಂದ ಕೊಡದ ತಂಡದ ಮೇಲೆ ಅವರಿಗೆ ಬೇಸರವಿತ್ತು. ಕೋಲ್ಟ್ಸ್ ಆಗಸ್ಟ್‌ನಲ್ಲಿ ಬೇರೆ ತಂಡ ಹುಡುಕಿಕೊಳ್ಳಲು ಅನುಮತಿ ಕೊಟ್ಟು, ಒಂದು ವಾರದ ಗಡುವನ್ನೂ ಇಟ್ಟಿತು. ಮೊದಲ ಸುತ್ತಿನ ಪಿಕ್ ಅಥವಾ ಅದಕ್ಕೆ ಸಮನಾದದ್ದು ಬೇಕೆಂದು ಅದು ಕೇಳುತ್ತಿದೆ ಎಂಬ ವರದಿಗಳಿದ್ದವು, ಮಯಾಮಿ ಡಾಲ್ಫಿನ್ಸ್ ಆಸಕ್ತಿ ತೋರಿದೆ ಎಂಬ ವರದಿಗಳೂ ಇದ್ದವು. ಗಡುವು ಮುಗಿಯಿತು, ಯಾರೂ ಕೊಳ್ಳಲಿಲ್ಲ.

ಕಾರಣ ಸರಳ. ಟೇಲರ್‌ಗೆ ಎರಡು ಬೆಲೆಗಳಿದ್ದವು. ಒಂದು ಕೋಲ್ಟ್ಸ್‌ಗೆ ಕೊಡಬೇಕಾದ ಪಿಕ್, ಇನ್ನೊಂದು ಟೇಲರ್ ಅವರಿಗೇ ಕೊಡಬೇಕಾದ ಹೊಸ ಒಪ್ಪಂದ. ಮೆಕ್‌ಕ್ಯಾಫ್ರಿಯವರ ವಿಷಯದಲ್ಲಿ ಎರಡನೆಯದನ್ನು ಪ್ಯಾಂಥರ್ಸ್ ತೀರಿಸಿಯಾಗಿತ್ತು. ಇಲ್ಲಿ ಎರಡೂ ಹೊಸಬರ ತಲೆಗೇ ಬರುತ್ತಿದ್ದವು, ಅದೂ ಆಟಗಾರ ಅಭ್ಯಾಸದಲ್ಲಿ ಒಮ್ಮೆಯೂ ಓಡಿ ತೋರಿಸದೆ ಇರುವಾಗ. ಕೋಲ್ಟ್ಸ್ ಕೊನೆಗೆ ಅಕ್ಟೋಬರ್ 7ರಂದು ಮೂರು ವರ್ಷಗಳಿಗೆ 4.2 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಮರುದಿನ ಟೇಲರ್ ಮೈದಾನಕ್ಕಿಳಿದ ಪಂದ್ಯದಲ್ಲೇ ಅವರ ಜಾಗ ತುಂಬಿದ್ದ ಜ್ಯಾಕ್ ಮಾಸ್ 165 ಯಾರ್ಡ್ ಓಡಿದರು ಎಂಬುದು ಈ ಆಟದ ವಿನೋದಗಳಲ್ಲಿ ಒಂದು.

ಮಯಾಮಿಯ ಕತೆ ಇನ್ನೂ ಸ್ವಾರಸ್ಯಕರ. ಟೇಲರ್‌ಗಾಗಿ ಪಿಕ್ ಕೊಡದ ಆ ತಂಡದಲ್ಲಿ ಆಗಲೇ ಮೂವತ್ತು ದಾಟಿದ್ದ ರಹೀಮ್ ಮೊಸ್ಟರ್ಟ್ ಇದ್ದರು, ಅದೇ ವರ್ಷ ಮೂರನೇ ಸುತ್ತಿನಲ್ಲಿ ಆರಿಸಿದ ಡಿವಾನ್ ಎಚೇನ್ ಇದ್ದರು. ಸೆಪ್ಟೆಂಬರ್ 24ರಂದು ಡೆನ್ವರ್ ವಿರುದ್ಧ ಮಯಾಮಿ 70 ಅಂಕ ಗಳಿಸಿತು. ಎಚೇನ್ ಒಬ್ಬರೇ 203 ಯಾರ್ಡ್ ಓಡಿದರು. ಆ ಋತುವಿನಲ್ಲಿ ಮೊಸ್ಟರ್ಟ್ 18 ಟಚ್‌ಡೌನ್ ಓಡಿದರು, ಟೇಲರ್ 2021ರಲ್ಲಿ ಓಡಿದಷ್ಟೇ. ಆಗಸ್ಟ್‌ನಲ್ಲಿ ಮಯಾಮಿಯ ಅಭಿಮಾನಿಗಳು ‘ಏಕೆ ಕೊಳ್ಳಲಿಲ್ಲ’ ಎಂದು ಕೇಳಿದ್ದ ಪ್ರಶ್ನೆಗೆ ಉತ್ತರ ತಂಡದೊಳಗೇ ಇತ್ತು. ಇದರರ್ಥ ಟೇಲರ್ ಮುಗಿದ ಆಟಗಾರ ಎಂದಲ್ಲ. 2024ರಲ್ಲಿ ಅವರು 1,431 ಯಾರ್ಡ್ ಓಡಿದರು. ಅವರ ಮೇಲೆ ಹಣ ಹೂಡಿದ ಕೋಲ್ಟ್ಸ್ ತಪ್ಪು ಮಾಡಲಿಲ್ಲ, ಹೂಡದ ಮಯಾಮಿಯೂ ತಪ್ಪು ಮಾಡಲಿಲ್ಲ. ಅವರ ಕಾಲನ್ನು ಏಳು ತಿಂಗಳಿಂದ ನೋಡುತ್ತಿದ್ದ ವೈದ್ಯರು ಕೋಲ್ಟ್ಸ್‌ನವರು. ಗಾಯಾಳುವಿನ ವಿಷಯದಲ್ಲಿ ಮನೆಯವರಿಗೆ ತಿಳಿದಷ್ಟು ಹೊರಗಿನವರಿಗೆ ತಿಳಿಯುವುದಿಲ್ಲ, ಮತ್ತು ಮನೆಯವರೇ ಮಾರಲು ಆತುರಪಟ್ಟರೆ ಕೊಳ್ಳುವವನು ಎರಡು ಬಾರಿ ಯೋಚಿಸಬೇಕು.

ಒಪ್ಪಂದದ ಅಪಾಯಕ್ಕೆ ಬೇರೆ ಉದಾಹರಣೆ ಬೇಕಿದ್ದರೆ ಟಾಡ್ ಗರ್ಲಿಯವರನ್ನು ನೆನೆಯಬಹುದು. ಕಾಲೇಜಿನಲ್ಲೇ ಎಸಿಎಲ್ ಹರಿದಿದ್ದ ಅವರನ್ನು ರ‍್ಯಾಮ್ಸ್ 2015ರಲ್ಲಿ ಹತ್ತನೇ ಪಿಕ್‌ನಿಂದ ಆರಿಸಿತು. ಆ ಅಪಾಯ ಫಲಿಸಿತು, ಏಕೆಂದರೆ ಅದು ಅಗ್ಗದ ಮೊದಲ ಒಪ್ಪಂದದ ಅಪಾಯ. 2017ರಲ್ಲಿ ಅವರು ವರ್ಷದ ಶ್ರೇಷ್ಠ ಆಕ್ರಮಣ ಆಟಗಾರರಾದರು. 2018ರ ಬೇಸಿಗೆಯಲ್ಲಿ ತಂಡ 5.75 ಕೋಟಿ ಡಾಲರಿನ ಹೊಸ ಒಪ್ಪಂದ ಬರೆದುಕೊಟ್ಟಿತು. ಆ ಋತುವಿನ ಕೊನೆಯಲ್ಲಿ ಮೊಣಕಾಲು ಮತ್ತೆ ಕಾಡಿತು, ಸೂಪರ್ ಬೌಲ್‌ನಲ್ಲಿ ಅವರು ಓಡಿದ್ದು ಹತ್ತು ಬಾರಿ, 35 ಯಾರ್ಡ್; 2020ರ ಮಾರ್ಚ್‌ನಲ್ಲಿ ತಂಡ ಅವರನ್ನು ಕೈಬಿಟ್ಟಿತು. ಅದೇ ಮೊಣಕಾಲು, ಅದೇ ತಂಡ. ಮೊದಲ ಸಲ ಲಾಭ, ಎರಡನೇ ಸಲ ನಷ್ಟ.

ನಿಮ್ಮ ಫಾರ್ಟಿನೈನರ್ಸ್ ಕೂಡ ಈ ಎರಡನೆಯ ಮೆಟ್ಟಿಲಲ್ಲಿ ಎಡವಿದ್ದುಂಟು. ಟ್ರೇಡ್ ಆದ ಹತ್ತನೇ ದಿನ ರ‍್ಯಾಮ್ಸ್ ವಿರುದ್ಧ ಮೆಕ್‌ಕ್ಯಾಫ್ರಿ ಒಂದು ಟಚ್‌ಡೌನ್ ಓಡಿದರು, ಒಂದನ್ನು ಹಿಡಿದರು, ಒಂದನ್ನು ತಾವೇ ಎಸೆದರು. ಟ್ರೇಡ್‌ಗೆ ಮುಂಚೆ 3 ಗೆಲುವು 3 ಸೋಲಿನಲ್ಲಿದ್ದ ತಂಡ ಅವರ ಮೊದಲ ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿಗೆ ಸೋತು, ಆಮೇಲೆ ಸಾಲಾಗಿ ಹತ್ತು ಗೆದ್ದಿತು. 2023ರಲ್ಲಿ ಅವರು 1,459 ಯಾರ್ಡ್ ಓಡಿ ಲೀಗಿಗೆ ಮೊದಲಿಗರಾದರು, ಶ್ರೇಷ್ಠ ಆಕ್ರಮಣ ಆಟಗಾರನ ಪ್ರಶಸ್ತಿ ಪಡೆದರು, ತಂಡ ಸೂಪರ್ ಬೌಲ್‌ನ ಹೆಚ್ಚುವರಿ ಅವಧಿಯವರೆಗೆ ಹೋಗಿ 22–25ರಲ್ಲಿ ಸೋತಿತು. ಇಷ್ಟಕ್ಕೆ ನಿಲ್ಲಿಸಿದರೆ ಟ್ರೇಡ್ ಅಪ್ಪಟ ಚಿನ್ನ. ಆದರೆ 2024ರ ಜೂನ್‌ನಲ್ಲಿ, 28ನೇ ವಯಸ್ಸಿನ ಹೊಸ್ತಿಲಲ್ಲಿದ್ದ ಅವರಿಗೆ ತಂಡ ಎರಡು ವರ್ಷಗಳ, 3.8 ಕೋಟಿ ಡಾಲರಿನ ಹೆಚ್ಚುವರಿ ಒಪ್ಪಂದ ಕೊಟ್ಟಿತು. ಆ ಋತು ಆರಂಭವಾಗುವ ಹೊತ್ತಿಗೆ ಎರಡೂ ಕಾಲುಗಳ ಅಕಿಲಿಸ್ ಉರಿಯೂತ, ನವೆಂಬರ್‌ವರೆಗೆ ಆಟವಿಲ್ಲ, ಡಿಸೆಂಬರ್ 1ರಂದು ಬಫಲೊದ ಹಿಮದಲ್ಲಿ ಮೊಣಕಾಲಿನ ಗಾಯ. ನಾಲ್ಕು ಪಂದ್ಯ, 202 ಯಾರ್ಡ್. ಆ ಋತುವಿನಲ್ಲಿ ತಂಡಕ್ಕಾಗಿ 789 ಯಾರ್ಡ್ ಓಡಿದವರು ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಜಾರ್ಡನ್ ಮೇಸನ್. 2025ರಲ್ಲಿ ಮೆಕ್‌ಕ್ಯಾಫ್ರಿ ಮರಳಿ ಬಂದು ಮತ್ತೆ ಪೂರ್ತಿ ಭಾರ ಹೊತ್ತರು ಎಂಬುದು ಅವರ ಹೆಗ್ಗಳಿಕೆ. ಅದರಿಂದ 2024ರ ಲೆಕ್ಕ ಅಳಿಸಿಹೋಗುವುದಿಲ್ಲ. 2022ರ ಟ್ರೇಡನ್ನು ನಾನು ಎಷ್ಟು ಮೆಚ್ಚುತ್ತೇನೋ, 2024ರ ಒಪ್ಪಂದದ ಬಗ್ಗೆ ಅಷ್ಟೇ ಹಿಂಜರಿಯುತ್ತೇನೆ. ಬಹಳ ಮಂದಿ ಇವೆರಡನ್ನೂ ಒಂದೇ ತೀರ್ಮಾನವೆಂದು ನೋಡುತ್ತಾರೆ. ಅವು ಎರಡು.

ತಂಡದ ಸ್ಥಿತಿಯನ್ನೂ ಬಿಡುವಂತಿಲ್ಲ. ಫಾರ್ಟಿನೈನರ್ಸ್‌ಗೆ ಬಲವಾದ ರಕ್ಷಣೆಯಿತ್ತು, ಮುಖ್ಯ ಓಟಗಾರ ಇಲೈಜಾ ಮಿಚೆಲ್ ಮೊದಲ ಪಂದ್ಯದಲ್ಲೇ ಮೊಣಕಾಲಿನ ಗಾಯದಿಂದ ಹೊರಬಿದ್ದಿದ್ದರು, ಕೋಚ್ ಕೈಲ್ ಶಾನಹನ್ ಅವರ ಆಟದ ಕ್ರಮದಲ್ಲಿ ಓಡಬಲ್ಲವನೇ ಪಾಸ್ ಹಿಡಿಯಬಲ್ಲವನೂ ಆಗಿದ್ದರೆ ಎದುರಾಳಿ ಯಾರನ್ನು ಕಾಯಬೇಕೆಂದು ತಿಳಿಯದೆ ಒದ್ದಾಡುತ್ತಾನೆ. (ಕೈಲ್ ಅವರ ತಂದೆ ಮೈಕ್ ಶಾನಹನ್ ಡೆನ್ವರ್‌ನ ಕೋಚ್ ಆಗಿದ್ದಾಗ ಅಲ್ಲಿ ಆಡಿದವರು ಕ್ರಿಶ್ಚಿಯನ್ ಅವರ ತಂದೆ ಎಡ್ ಮೆಕ್‌ಕ್ಯಾಫ್ರಿ; ಹುಡುಗನ ಮನೆತನದ ಪರಿಚಯ ಹಳೆಯದು.) ಪಾಸ್ ಹಿಡಿಯುವ ಕೈ ಗಾಯದ ಲೆಕ್ಕಕ್ಕೂ ಬರುತ್ತದೆ: ಬರೀ ಗುಂಪಿನೊಳಗೆ ನುಗ್ಗುವವನ ಕಾಲಿನ ಬಲ ಸ್ವಲ್ಪ ಕುಗ್ಗಿದರೂ ಅವನಲ್ಲಿ ಬೇರೇನೂ ಉಳಿಯುವುದಿಲ್ಲ, ಚೆಂಡು ಹಿಡಿಯುವವನಿಗೆ ಇನ್ನೊಂದು ಕಸುಬು ಉಳಿದಿರುತ್ತದೆ. ಕೋಚ್‌ನನ್ನು ಅದೇ ತಿಂಗಳು ತೆಗೆದುಹಾಕಿ ಎಲ್ಲವನ್ನೂ ಹೊಸದಾಗಿ ಕಟ್ಟಲು ಹೊರಟಿದ್ದ ಪ್ಯಾಂಥರ್ಸ್‌ಗೆ ಅದೇ ಆಟಗಾರ ಭಾರವಾಗಿದ್ದರು, ಅವರು ಮಾರಿದ್ದರಲ್ಲಿಯೂ ತಪ್ಪಿಲ್ಲ. ಬಂದ 61ನೇ ಪಿಕ್ಕನ್ನು ಸೇರಿಸಿ ಅವರು 2023ರ ಮೊದಲ ಪಿಕ್ ಪಡೆದು ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ರನ್ನು ಆರಿಸಿದರು. ಅದು ಬೇರೆಯದೇ ಚರ್ಚೆ.

ಹಾಗಾದರೆ ಈಗ ಯಾವುದೋ ತಂಡದ ತಾರೆ ಗಾಯಾಳುಗಳ ಪಟ್ಟಿಯಲ್ಲಿದ್ದಾನೆ, ಟ್ರೇಡ್‌ನ ಕೊನೆಯ ದಿನ ಹತ್ತಿರವಾಗುತ್ತಿದೆ, ನಿಮ್ಮ ತಂಡಕ್ಕೆ ಓಟಗಾರ ಬೇಕಾಗಿದ್ದಾನೆ ಎಂದುಕೊಳ್ಳಿ. ನಾನಾದರೆ ಮೂರನೇ ಸುತ್ತಿಗಿಂತ ಮೇಲಿನದನ್ನು ಖಚಿತವಾಗಿ ಕೊಡುವುದಿಲ್ಲ. ಆತ ಇಂತಿಷ್ಟು ಪಂದ್ಯ ಆಡಿದರೆ ಮಾತ್ರ ಎರಡಕ್ಕೇರಲಿ ಎಂಬ ಷರತ್ತು ಹಾಕುತ್ತೇನೆ. ಹರಿದದ್ದು ಅಕಿಲಿಸ್ ಆಗಿದ್ದರೆ ಆರನೇ ಸುತ್ತಿನಿಂದಲೇ ಮಾತು ಆರಂಭಿಸುತ್ತೇನೆ. ಆತ ಹೊಸ ಒಪ್ಪಂದ ಕೇಳುತ್ತಿದ್ದರೆ ಋತು ಮುಗಿದ ಮೇಲೆ ಮಾತಾಡೋಣ ಎನ್ನುತ್ತೇನೆ, ಒಪ್ಪದಿದ್ದರೆ ಫೋನ್ ಇಡುತ್ತೇನೆ. ಎಲ್ಲಕ್ಕೂ ಮೊದಲು ನಮ್ಮದೇ ಬೆಂಚಿನ ಕೊನೆಯಲ್ಲಿ ಕುಳಿತಿರುವ ಹುಡುಗನಿಗೆ ಎರಡು ಪಂದ್ಯ ಕೊಟ್ಟು ನೋಡಿರುತ್ತೇನೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುವ ಮೊದಲು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮನುಷ್ಯರನ್ನು ಹಾಗೆ ಹೋಲಿಸುವುದು ಸರಿಯಲ್ಲವಾದರೂ ಎನ್‌ಎಫ್‌ಎಲ್‌ನ ಟ್ರೇಡ್‌ಗಳೂ ಹೊಸ ತಂಡದ ವೈದ್ಯಕೀಯ ತಪಾಸಣೆಯಲ್ಲಿ ಪಾಸಾದ ಮೇಲೆಯೇ ಗಟ್ಟಿಯಾಗುವುದು. ಆ ತಪಾಸಣೆ ಆಗುವವರೆಗೆ ಟ್ರೇಡ್ ಕಾಗದದ ಮೇಲೆ ಇದ್ದರೂ ಇಲ್ಲದಂತೆಯೇ. ಗಾಯಾಳುವಿನ ವಿಷಯದಲ್ಲಿ ಕೊಳ್ಳುವ ತಂಡಕ್ಕೆ ಹಿಂದೆ ಸರಿಯಲು ಸಿಗುವ ಕೊನೆಯ ಬಾಗಿಲೂ ಅದೇ.